ಸಹಾಯ ಬೇಕು: ಪ್ರೈಮರ್ ಮೊದಲೋ, ಕೊಹೆರೆನ್ಸ್ ಮೊದಲೋ?

ಗೆಳೆಯರೇ, ಒಂದು ಜಗಳ ಬಿಡಿಸಿಕೊಡಿ. ಶನಿವಾರ ರಾತ್ರಿ ಸಿನಿಮಾ ನೋಡೋಕೆ ರೂಮಲ್ಲಿ ಐದು ಜನ ಸೇರ್ತಿದ್ದೀವಿ. ನನ್ನ ಓಟು 2004ರ ‘ಪ್ರೈಮರ್’ಗೆ. ಸುಮಾರು 7,000 ಡಾಲರಲ್ಲಿ ತೆಗೆದ 77 ನಿಮಿಷದ ಸಿನಿಮಾ. ಅದರಲ್ಲಿ ಟೈಮ್ ಮಷೀನ್ ಅಂದ್ರೆ ಒಂದು ಪೆಟ್ಟಿಗೆ; ಆರು ಗಂಟೆ ಹಿಂದಕ್ಕೆ ಹೋಗಬೇಕಂದ್ರೆ ಅದರೊಳಗೆ ಆರು ಗಂಟೆ ಬಿದ್ದಿರಲೇಬೇಕು. ಇಷ್ಟು ಪ್ರಾಮಾಣಿಕ ಟೈಮ್ ಮಷೀನ್ ಇನ್ನೆಲ್ಲೂ ನೋಡಿಲ್ಲ. ರೂಮ್‌ಮೇಟ್ ಮಾತ್ರ ‘ಅದು ಸಿನಿಮಾ ಅಲ್ಲ, ಇಂಜಿನಿಯರಿಂಗ್ ಬ್ಯಾಕ್‌ಲಾಗ್’ ಅಂತಾನೆ. ಅವನದು 2013ರ ‘ಕೊಹೆರೆನ್ಸ್’: ಧೂಮಕೇತು ಹಾದುಹೋಗೋ ರಾತ್ರಿ, ಊಟಕ್ಕೆ ಸೇರಿದ ಎಂಟು ಜನ, ಕರೆಂಟ್ ಹೋಗುತ್ತೆ, ಆಚೆ ನೋಡಿದ್ರೆ ಅವರದೇ ಮನೆ ಇನ್ನೊಂದು! ಚೆನ್ನಾಗಿದೆ, ಒಪ್ತೀನಿ (ಅವನಿಗೆ ಹೇಳ್ಬೇಡಿ).

ಉಳಿದ ಮೂವರು ಇಂಥದ್ದು ನೋಡಿದವರೇ ಅಲ್ಲ. ಎರಡೂ ನೋಡಿದವರು ಹೇಳಿ, ಯಾವುದು ಮೊದಲು ಹಾಕ್ಲಿ? ಪ್ರೈಮರ್‌ನ ಟೈಮ್‌ಲೈನ್ ಯಾರಾದ್ರೂ ಬರೆದಿಟ್ಟಿದ್ರೆ ಫೋಟೋ ಕಳಿಸಿ. ಮೂರು ಸಲ ನೋಡಿದ್ರೂ ಕೊನೇ ಭಾಗ ನನಗೂ ಅರ್ಥವಾಗಿಲ್ಲ.