ಪದಚರ್ಚೆ: ಹೊಲದಡಿಯ ನೀರಿಗೆ ‘ಒಳಚರಂಡಿ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕ್ಯಾಲಿಫೋರ್ನಿಯಾದ ಕೆಸ್ಟರ್ಸನ್ ಜೌಗಿನಲ್ಲಿ ಸೆಲೆನಿಯಂ ಎಂಬ ಧಾತುವಿನಿಂದ ಹಕ್ಕಿಗಳಿಗೆ ಆದ ಅನಾಹುತದ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಹೊಲದ ಅಡಿಯಲ್ಲಿ ತೂತಿನ ಕೊಳವೆ ಹೂತು ಹೊರಗೆ ಹರಿಸುವ ನೀರಿಗೆ ಏನನ್ನೋಣ? ‘ಒಳಚರಂಡಿ ನೀರು’ ಅಂತ ಬರೆದರೆ ಓದುಗರು ಊರಿನ ಕೊಳಚೆ ಅಂದುಕೊಳ್ಳುತ್ತಾರೆ, ಅಲ್ವಾ?

ಅಲ್ಲಿಗೆ ವಿಷಯವೇ ದಾರಿ ತಪ್ಪುತ್ತದೆ. ಕೆಸ್ಟರ್ಸನ್‌ಗೆ ಬಂದದ್ದು ಕೊಳಚೆಯೂ ಅಲ್ಲ, ಕಾರ್ಖಾನೆಯ ನೀರೂ ಅಲ್ಲ. ಕೆಸ್ಟರ್ಸನ್ ಇರುವ ಸ್ಯಾನ್ ವಾಕೀನ್ ಕಣಿವೆಯ ಪಡುವಣ ಭಾಗದ ಮಣ್ಣು ಪಕ್ಕದ ಬೆಟ್ಟಸಾಲಿನಿಂದ ಕೊಚ್ಚಿಬಂದದ್ದು. ಆ ಬೆಟ್ಟದ ಕಲ್ಲು ಒಂದು ಕಾಲಕ್ಕೆ ಸಮುದ್ರದ ತಳದ ಕೆಸರು. ಸೆಲೆನಿಯಂ ಅದರಲ್ಲೇ ಇತ್ತು. ನೀರಾವರಿ ಬಂದ ಮೇಲೆ ಉಪ್ಪಿನ ಜೊತೆ ಕರಗಿ ಕೆಳಗಿಳಿಯಿತು. ಕೆಳಗೆ ಜೇಡಿ ಪದರ. ನೀರು ಇಂಗಲಿಲ್ಲ, ಬೇರಿನ ಮಟ್ಟಕ್ಕೆ ಏರಿತು. ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಈ ಪಾಡು ಗೊತ್ತು, ಅವರು ‘ಸವಳು-ಜವಳು’ ಅನ್ನುತ್ತಾರೆ.

ಆ ನೀರನ್ನು ಬಸಿದು ‘ಸ್ಯಾನ್ ಲೂಯಿಸ್ ಡ್ರೇನ್’ ಎಂಬ ಬಸಿಗಾಲುವೆಗೆ ಬಿಟ್ಟರು. ಈ ಕಾಲುವೆ ಡೆಲ್ಟಾವರೆಗೆ, ಅಂದರೆ ನದಿಯ ಮುಖಜ ಭೂಮಿಯವರೆಗೆ, ಹೋಗಬೇಕಿತ್ತು. 1975ರ ಹೊತ್ತಿಗೆ ಕೆಸ್ಟರ್ಸನ್‌ವರೆಗೆ ಮಾತ್ರ ಮುಗಿದು ಅಲ್ಲೇ ನಿಂತಿತು. ಹಾಗಾಗಿ ಅಲ್ಲಿನ 12 ಕೊಳಗಳಲ್ಲೇ ನೀರು ನಿಂತು ಆವಿಯಾಗುತ್ತಿತ್ತು, ಸೆಲೆನಿಯಂ ಉಳಿಯುತ್ತಿತ್ತು. ಅದು ವನ್ಯಜೀವಿಗಳ ಆಸರೆಗೆಂದು ಗುರುತಿಸಿದ್ದ ಜಾಗ ಅನ್ನುವುದೇ ನನಗೆ ಸಂಕಟ.

1983ರಲ್ಲಿ ವನ್ಯಜೀವಿ ವಿಜ್ಞಾನಿ ಹ್ಯಾರಿ ಓಲೆನ್‌ಡಾರ್ಫ್ ಮತ್ತು ಜೊತೆಯವರು ಅಲ್ಲಿನ ಗೂಡುಗಳನ್ನು ಪರೀಕ್ಷಿಸಿದರು. ಮೊಟ್ಟೆಯೊಳಗೆ ಕಣ್ಣೇ ಮೂಡದ ಮರಿ, ಸೊಟ್ಟ ಕೊಕ್ಕು, ಕಾಲಿಲ್ಲದ ಮೈ. ನಮ್ಮ ಕೆರೆಗಳ ನಾಮದ ಕೋಳಿ, ಮೆಟ್ಟುಗಾಲ ಹಕ್ಕಿ, ಗುಳುಮುಳುಕ ಇವೆಯಲ್ಲ, ಅವುಗಳ ಅಮೆರಿಕದ ನಂಟರಿಗೇ ಹೀಗಾಗಿತ್ತು. ಮೀನುಗಳಲ್ಲಿ ಉಳಿದದ್ದು ಗಂಬೂಸಿಯಾ ಒಂದೇ, ಸೊಳ್ಳೆ ಮರಿ ತಿನ್ನಲಿ ಅಂತ ನಮ್ಮ ಬಾವಿಗಳಿಗೆ ಬಿಡುತ್ತಾರಲ್ಲ, ಅದೇ. ಸೆಲೆನಿಯಂ ಗಂಧಕದ ಹಾಗೆಯೇ ವರ್ತಿಸುವುದರಿಂದ ಮೈ ಅದನ್ನು ಪ್ರೋಟೀನಿನೊಳಗೆ ಸೇರಿಸಿಕೊಳ್ಳುತ್ತದೆ. ಚೂರು ಬೇಕೇ ಬೇಕು, ಸ್ವಲ್ಪ ಜಾಸ್ತಿಯಾದರೂ ವಿಷ. ತಾಯಿ ಹಕ್ಕಿ ತಿಂದದ್ದು ಮೊಟ್ಟೆಗೆ ಇಳಿಯುತ್ತದೆ. 1986ರಲ್ಲಿ ಬಸಿದ ನೀರು ಬರುವುದನ್ನು ನಿಲ್ಲಿಸಿದರು, 1988ರಲ್ಲಿ ತಗ್ಗುಗಳಿಗೆ ಮಣ್ಣು ತುಂಬಿದರು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಇಲ್ಲಿ ಯಾರೂ ಹೊರಗಿನಿಂದ ವಿಷ ತಂದು ಸುರಿಯಲಿಲ್ಲ. ಹೊಲದ ಮಣ್ಣಿನದೇ ಬಸಿದು ಬಂತು. ಅದಕ್ಕೇ ನನ್ನ ಒಲವು ‘ಬಸಿನೀರು’ ಕಡೆಗೆ. ಅನ್ನ ಬಸಿಯುತ್ತೇವೆ, ಬಸ್ಸಾರು ಮಾಡುತ್ತೇವೆ, ‘ಬಸಿಗಾಲುವೆ’ಯಂತೂ ನೀರಾವರಿ ಕಾಗದಗಳಲ್ಲೇ ಇದೆ.

ಒಂದು ತೊಡಕಿದೆ. ಕಾಲುವೆಯಿಂದ ಸೋರಿ ಹೊಲಕ್ಕೆ ನುಗ್ಗುವುದನ್ನೂ ‘ಬಸಿನೀರು’ ಅನ್ನುತ್ತಾರೆ. ಅದು ಹೊಲಕ್ಕೆ ಬರುವ ನೀರು, ನಾನು ಹೇಳುತ್ತಿರುವುದು ಹೊಲದಿಂದ ತೆಗೆಯುವ ನೀರು. ‘ಬಸಿದ ನೀರು’ ಎಂದು ಬಿಡಿಸಿ ಬರೆದರೆ ಗೊಂದಲ ಹೋಗುತ್ತದೆಯೇ? ಸಿಂಧನೂರು, ಗಂಗಾವತಿ ಕಡೆಯವರು ದಯವಿಟ್ಟು ಹೇಳಿ: ಹೊಲದಡಿ ಕೊಳವೆ ಹಾಕಿಸಿದವರು ಆ ಕೊಳವೆಗೆ, ಅದರಿಂದ ಬರುವ ನೀರಿಗೆ ಏನಂತಾರೆ?