ಆಫೀಸಿನ ಇಂಟರ್ನೆಟ್ ಫೋನು ನನ್ನ ಕಿವಿ ಮಷೀನಿನ ಜತೆ ಹೊಂದ್ತಾ ಇಲ್ಲ, ಏನು ಮಾಡಲಿ?

ಡಲ್ಲಾಸ್‌ನಿಂದ ಪ್ರಶ್ನೆ

ನಮಸ್ಕಾರ ಎಲ್ಲರಿಗೂ. ಎರಡೂ ಕಿವಿಗೆ ಹಿಯರಿಂಗ್ ಏಡ್ ಹಾಕಲು ಶುರುಮಾಡಿ ಒಂಬತ್ತು ವರ್ಷ ಆಯ್ತು. ಕಿವಿಯ ಹಿಂದೆ ಕೂರುವ ಥರದ್ದು. ಹೋದ ತಿಂಗಳು ಆಫೀಸಿನಲ್ಲಿ ಹಳೆಯ ಫೋನುಗಳನ್ನು ತೆಗೆದು ಇಂಟರ್ನೆಟ್ ಮೇಲೆ ನಡೆಯುವ ಡೆಸ್ಕ್ ಫೋನ್ ಕೊಟ್ಟರು. ರಿಸೀವರ್ ಕಿವಿಗೆ ತಂದರೆ ಕುಂಯ್ ಅಂತ ಸಿಳ್ಳೆ ಹೊಡೆಯುತ್ತದೆ. ಮಷೀನಿನಲ್ಲಿ ಫೋನಿಗೆ ಅಂತಲೇ ಇರುವ ಟಿ ಪ್ರೋಗ್ರಾಂಗೆ ಹಾಕಿದರೆ ಮಾತು ಬಾವಿಯೊಳಗಿಂದ ಬಂದ ಹಾಗೆ, ಜತೆಗೆ ಗುಂಯ್ ಅನ್ನುವ ಸದ್ದು. ನನ್ನ ಕೆಲಸವೇ ದಿನವಿಡೀ ಗ್ರಾಹಕರ ಜತೆ ಮಾತಾಡುವುದು. ಐಟಿಯವರನ್ನು ಕೇಳಿದರೆ, "ಹಿಯರಿಂಗ್ ಏಡ್ ರೂಲು ಮಾಮೂಲಿ ಫೋನಿಗೆ ಮೇಡಂ, ಇಂಟರ್ನೆಟ್ ಫೋನಿಗೆ ಇಲ್ಲ" ಅಂದರು. ಹೌದಾ? ಯಾರಿಗಾದರೂ ಇದರ ಅನುಭವ ಇದೆಯಾ?

ನ್ಯೂಜೆರ್ಸಿಯಿಂದ

ನಿಮ್ಮ ಐಟಿಯವರು ಹೇಳಿದ್ದು ಹಳೆಯ ಸುದ್ದಿ. ಮೊದಲು ಒಂದು ಕೆಲಸ ಮಾಡಿ. ಫೋನನ್ನು ಬೋರಲು ಹಾಕಿ ತಳ ನೋಡಿ, ರಿಸೀವರನ್ನೂ ತಿರುಗಿಸಿ ನೋಡಿ. ಎಚ್, ಎ, ಸಿ ಅನ್ನುವ ಮೂರು ಇಂಗ್ಲಿಷ್ ಅಕ್ಷರ ಅಚ್ಚಾಗಿದೆಯಾ? ಹಿಯರಿಂಗ್ ಏಡ್ ಜತೆ ಹೊಂದುವ ಫೋನು ಅನ್ನುವುದರ ಗುರುತು ಅದು.

ಅಮೆರಿಕದಲ್ಲಿ ಈ ಕಾನೂನು 1988ರದು. 1989ರ ಆಗಸ್ಟ್‌ನಿಂದ ಇಲ್ಲಿ ತಯಾರಾಗುವ, ಹೊರಗಿನಿಂದ ತರಿಸುವ ಮಾಮೂಲಿ ಫೋನುಗಳೆಲ್ಲ ಹಿಯರಿಂಗ್ ಏಡ್‌ಗೆ ಹೊಂದಬೇಕಾಯಿತು. ಆಗ ಇಂಟರ್ನೆಟ್ ಫೋನು ಎಲ್ಲಿತ್ತು? ಆಮೇಲೆ ಆಫೀಸುಗಳೆಲ್ಲ ಅದಕ್ಕೆ ಬದಲಾದಾಗ ನಮ್ಮಂಥವರು ನಡುವೆ ಸಿಕ್ಕಿಕೊಂಡೆವು. 2010ರ ಅಕ್ಟೋಬರ್‌ನಲ್ಲಿ ಬಂದ ಹೊಸ ಕಾನೂನು ಇಂಟರ್ನೆಟ್ ಫೋನನ್ನೂ ಒಳಗೆ ಸೇರಿಸಿತು. ಅದಕ್ಕೆ ತಕ್ಕ ನಿಯಮವನ್ನು ಫೋನು, ರೇಡಿಯೋ ಇವನ್ನೆಲ್ಲ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಸಿಸಿ 2017ರಲ್ಲಿ ಮಾಡಿತು. 2020ರ ಫೆಬ್ರವರಿ 28ರ ನಂತರ ತಯಾರಾದ, ಆಮದಾದ ಡೆಸ್ಕ್ ಫೋನು ಇಂಟರ್ನೆಟ್‌ನದಾದರೂ ಹೊಂದಲೇಬೇಕು. ವಾಲ್ಯೂಮಿಗೂ ಲೆಕ್ಕ ಇದೆ. ಇಬ್ಬರು ಒಂದು ಮೀಟರ್ ದೂರದಲ್ಲಿ ಎದುರುಬದುರು ಮಾತಾಡಿದಾಗ ಕೇಳುವ ಸದ್ದನ್ನು ಸೊನ್ನೆ ಅಂತ ಹಿಡಿದು, ಅದಕ್ಕಿಂತ ಕನಿಷ್ಠ 18 ಡೆಸಿಬೆಲ್ ಮೇಲಕ್ಕೆ ಏರಬೇಕು.

ಇಲ್ಲೊಂದು ಕಿತಾಪತಿ ಇದೆ. ಲೆಕ್ಕಕ್ಕೆ ಬರುವುದು ಫೋನು ತಯಾರಾದ ಅಥವಾ ಆಮದಾದ ದಿನ, ನಿಮ್ಮ ಮೇಜಿಗೆ ಬಂದ ದಿನ ಅಲ್ಲ. ನಮ್ಮ ಆಫೀಸಿನಲ್ಲಿ ದುಡ್ಡು ಉಳಿಯುತ್ತೆ ಅಂತ ಹಳೆಯ ಸೆಟ್‌ಗಳನ್ನೇ ಒರೆಸಿ ತಂದಿದ್ದರು. ನನ್ನದರ ತಳದಲ್ಲಿದ್ದ ವರ್ಷ 2016. ಅದಕ್ಕೇ ನಿಮ್ಮ ಫೋನಿನ ತಯಾರಿಕೆ ತಾರೀಖನ್ನೂ ನೋಡಿಕೊಳ್ಳಿ.

ಇನ್ನು ಆ ಟಿ ಪ್ರೋಗ್ರಾಂ. ಅದರ ಒಳಗಿರುವುದು ಒಂದು ಪುಟ್ಟ ತಾಮ್ರದ ತಂತಿಯ ಸುರುಳಿ, ಟೆಲಿಕಾಯಿಲ್. ಅದು ಗಾಳಿಯಲ್ಲಿ ಬರುವ ಸದ್ದನ್ನು ಹಿಡಿಯುವುದಿಲ್ಲ, ಫೋನಿನ ರಿಸೀವರ್ ಹೊರಗೆ ಬಿಡುವ ಕಾಂತ ಕ್ಷೇತ್ರವನ್ನು ಹಿಡಿಯುತ್ತದೆ. ಮೈಕ್ ಬಂದ್ ಆಗುವುದರಿಂದ ಸಿಳ್ಳೆ ಇಲ್ಲ, ಪಕ್ಕದ ಮೇಜಿನ ಗಲಾಟೆಯೂ ಇಲ್ಲ. ರಿಸೀವರ್ ಆ ಕ್ಷೇತ್ರವನ್ನು ಸರಿಯಾಗಿ ಬಿಡದಿದ್ದರೆ ಮಾತು ಬಾವಿಯೊಳಗಿಂದಲೇ ಬರೋದು.

ರಿಸೀವರ್ ಎಲ್ಲಿಡುತ್ತೀರಿ ಅನ್ನುವುದೂ ಮುಖ್ಯ. ಎಲ್ಲರ ಹಾಗೆ ಕಿವಿಯ ತೂತಿಗೆ ಇಡಬೇಡಿ. ಸುರುಳಿ ಇರುವುದು ಕಿವಿಯ ಹಿಂದೆ ಕೂತ ಮಷೀನಿನಲ್ಲಿ ಅಲ್ವಾ? ರಿಸೀವರನ್ನು ಸ್ವಲ್ಪ ಮೇಲೆ, ಹಿಂದಕ್ಕೆ, ಮಷೀನಿನ ಮೇಲೇ ತನ್ನಿ. ಅರ್ಧ ಇಂಚು ಆ ಕಡೆ ಈ ಕಡೆ ಜರುಗಿಸುತ್ತಾ, ಓರೆ ಮಾಡುತ್ತಾ ಹೋಗಿ. ಒಂದು ಜಾಗದಲ್ಲಿ ಮಾತು ಫಟ್ಟನೆ ತಿಳಿಯಾಗುತ್ತದೆ. ನನಗೆ ಆ ಜಾಗ ಸಿಗೋಕೆ ಎರಡು ದಿನ ಹಿಡಿಯಿತು. ನೋಡಿದವರಿಗೆ ತಲೆ ಬಾಚಿಕೊಳ್ಳುತ್ತಿದ್ದಾನೆ ಅನ್ನಿಸಿರಬೇಕು! ಗುಂಯ್ ಅನ್ನೋದು ಬಹುಶಃ ಪಕ್ಕದ ಚಾರ್ಜರ್ ಅಥವಾ ಟ್ಯೂಬ್‌ಲೈಟಿನದು. ಫೋನನ್ನು ಮೇಜಿನ ಇನ್ನೊಂದು ಕಡೆಗೆ ಸರಿಸಿ ನೋಡಿ.

ಸ್ಯಾನ್ ಹೊಸೆಯಿಂದ

ನಾನು ಫೋನ್ ಸಿಸ್ಟಂ ಕೆಲಸದವನು. ಐಟಿಯವರಿಗೆ ಇನ್ನೊಂದು ಪ್ರಶ್ನೆ ಕೇಳಿ: ಜಿ.722 ಆನ್ ಇದೆಯಾ? ಇಂಟರ್ನೆಟ್ ಫೋನು ಮಾತನ್ನು ಡಿಜಿಟಲ್ ಮಾಡಿ ಕಳಿಸುವ ಒಂದು ವಿಧಾನ ಅದು. ಮಾಮೂಲಿ ಜಿ.711ರಲ್ಲಿ 3,400 ಹರ್ಟ್ಸ್‌ಗಿಂತ ಮೇಲಿನ ಸದ್ದು ಬರುವುದಿಲ್ಲ, ಜಿ.722ರಲ್ಲಿ 7,000ದ ತನಕ ಬರುತ್ತದೆ. ಸ, ಶ, ಫ ಇವೆಲ್ಲ ಮೇಲಿನ ಸ್ವರದಲ್ಲೇ ಇರೋದು. ಎರಡೂ ತುದಿಯ ಫೋನಿಗೆ ಅದು ಬರಬೇಕು ಅಷ್ಟೆ, ಹಾಗಾಗಿ ಆಫೀಸಿನ ಒಳಗಿನ ಕರೆಗೆ ಜಾಸ್ತಿ ಉಪಯೋಗ.

ಚಿಕಾಗೋದಿಂದ

ನನ್ನದು ಎಚ್ಚರಿಕೆಯ ಮಾತು. "ಡೆಸ್ಕ್ ಫೋನ್ ಬಿಡಿ, ಲ್ಯಾಪ್‌ಟಾಪ್‌ನ ಆ್ಯಪ್‌ನಲ್ಲೇ ಮಾತಾಡಿ" ಅಂದರೆ ಸುಮ್ನೆ ಒಪ್ಪಬೇಡಿ. ಕಾನೂನು ಹೇಳುವುದು ಕಿವಿಗೆ ಹಿಡಿದುಕೊಂಡು ಮಾತಾಡುವ, ಒಳಗೇ ಸ್ಪೀಕರ್ ಇರುವ ಸಾಧನದ ಬಗ್ಗೆ. ಲ್ಯಾಪ್‌ಟಾಪ್‌ನ ಆ್ಯಪ್ ಆ ಲೆಕ್ಕಕ್ಕೆ ಬರುವುದಿಲ್ಲ. ಆಗ ಅಂಗವಿಕಲರ ಹಕ್ಕಿನ ಅಮೆರಿಕದ ಕಾನೂನು ಎಡಿಎ ಹಿಡಿಯಬೇಕು. 15 ಅಥವಾ ಹೆಚ್ಚು ಜನ ಇರುವ ಕಂಪನಿ ನಮ್ಮ ಕೆಲಸಕ್ಕೆ ಬೇಕಾದ ಅನುಕೂಲವನ್ನು ತನಗೆ ಭಾರೀ ಹೊರೆಯಾಗದ ಮಟ್ಟಿಗೆ ಮಾಡಿಕೊಡಬೇಕು. ಎಚ್‌ಆರ್‌ಗೆ ಈಮೇಲ್‌ನಲ್ಲೇ ಬರೆಯಿರಿ, ಬಾಯಿಮಾತು ಬೇಡ. ನನ್ನ ಬಾಯಿಮಾತು ಆರು ತಿಂಗಳು ಹಾಗೇ ಕೂತಿತ್ತು, ಈಮೇಲ್ ಹತ್ತು ದಿನದಲ್ಲಿ ಕೆಲಸ ಮಾಡಿತು. ನನಗೆ ಕೊಡಿಸಿದ್ದು ನೆಕ್‌ಲೂಪ್. ಕೊರಳಿಗೆ ಹಾಕಿಕೊಳ್ಳುವ ತಂತಿ, ಇನ್ನೊಂದು ತುದಿ ಲ್ಯಾಪ್‌ಟಾಪ್‌ಗೆ. ಮಷೀನುಗಳನ್ನು ಟಿಗೆ ಹಾಕಿದರೆ ಎರಡೂ ಕಿವಿಗೆ ಮಾತು ಬರುತ್ತದೆ. ತಾಯತ ಕಟ್ಟಿಸಿಕೊಂಡಿದ್ದೀಯಾ ಅಂತ ಮಗಳು ನಗ್ತಾಳೆ, ನಗಲಿ.

ಫೋನೇ ನಿಯಮದ ಪ್ರಕಾರ ಇಲ್ಲ, ತಯಾರಕರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ ಅಂದರೆ ಎಫ್‌ಸಿಸಿಗೆ ದೂರು ಕೊಡಬಹುದು.

ಮೈಸೂರಿನಿಂದ

ಅಮೆರಿಕದ ರೂಲು ನಮಗೆ ಬರಲ್ಲ, ಆದರೂ ಒಂದು ಮಾತು. ಅಮ್ಮನಿಗೂ ಫೋನಿನಲ್ಲಿ ಏನೂ ಕೇಳುತ್ತಿರಲಿಲ್ಲ. ಫೋನು ಕೆಟ್ಟಿದೆ ಅಂತ ಎರಡು ಸಲ ಬದಲಾಯಿಸಿದೆವು. ಕೊನೆಗೆ ಇಲ್ಲಿನ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿದಾಗ, ಮಷೀನಿನಲ್ಲಿ ಟೆಲಿಕಾಯಿಲ್ ಇದೆ, ಯಾರೂ ಆನ್ ಮಾಡಿಲ್ಲ ಅಂತ ಗೊತ್ತಾಯಿತು. ಹತ್ತು ನಿಮಿಷದ ಕೆಲಸ. ನೀವೂ ಕಿವಿ ಮಷೀನು ಹೊಂದಿಸಿಕೊಡುವ ಆಡಿಯಾಲಜಿಸ್ಟ್ ಹತ್ತಿರ ಟಿ ಪ್ರೋಗ್ರಾಂನ ಮಟ್ಟ ಒಮ್ಮೆ ನೋಡಿಸಿಬಿಡಿ. ಮೈಕ್‌ಗಿಂತ ಕಡಿಮೆ ಇಟ್ಟಿದ್ದರೂ ಹಾಗೇ ಆಗುತ್ತೆ.

ಡಲ್ಲಾಸ್‌ನಿಂದ ಮತ್ತೆ, ಮೂರು ವಾರದ ಮೇಲೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫೋನು ಬೋರಲು ಹಾಕಿ ನೋಡಿದೆ. ಮೂರಕ್ಷರ ಎಲ್ಲೂ ಇಲ್ಲ, ತಯಾರಾದ ವರ್ಷ 2018. ಫೋಟೋ ತೆಗೆದು ಎಚ್‌ಆರ್‌ಗೆ ಕಳಿಸಿದೆ. ಐಟಿ ಹುಡುಗ ತಾನೇ ಬಂದು, "ಸಾರಿ ಮೇಡಂ, ನನಗೂ ಗೊತ್ತಿರಲಿಲ್ಲ" ಅಂತ ಹೊಸ ಸೆಟ್ ಇಟ್ಟು ಹೋದ. ಆಡಿಯಾಲಜಿಸ್ಟ್ ಟಿ ಮಟ್ಟವನ್ನೂ ಒಂದಿಷ್ಟು ಏರಿಸಿದರು. ರಿಸೀವರ್ ಇಡುವ ಜಾಗ ನನಗೆ ಅರ್ಧ ದಿನದಲ್ಲೇ ಸಿಕ್ಕಿತು, ನ್ಯೂಜೆರ್ಸಿಯವರಿಗಿಂತ ನಾನೇ ಚುರುಕು! ಗುಂಯ್ ಇನ್ನೂ ಸ್ವಲ್ಪ ಇದೆ, ಅದು ತಲೆ ಮೇಲಿನ ಲೈಟಿನದು ಅಂತ ಕಾಣುತ್ತೆ. ನಿನ್ನೆ ಒಬ್ಬರು ಹನ್ನೆರಡು ಅಂಕಿಯ ನಂಬರ್ ಹೇಳಿದರು. ಫಿಫ್ಟೀನಾ, ಫಿಫ್ಟಿಯಾ ಅಂತ ಒಂದು ಸಲವೂ ತಿರುಗಿ ಕೇಳಲಿಲ್ಲ.

ಚಿಕಾಗೋದವರೇ, ಮೀಟಿಂಗ್‌ಗಳೆಲ್ಲ ಇನ್ನೂ ಲ್ಯಾಪ್‌ಟಾಪ್‌ನಲ್ಲೇ. ಆ ನೆಕ್‌ಲೂಪ್ ಹಾಕಿಕೊಂಡಾಗ ಮಾತಾಡಲು ಮೈಕ್ ಯಾವುದು ಬಳಸುತ್ತೀರಿ, ಲ್ಯಾಪ್‌ಟಾಪ್‌ನದೇನಾ?