ಹೆಡ್ ವಾರ್ಡರ್ ಬಡ್ತಿ: ಈಗಲೇ ತೆಗೆದುಕೊಳ್ಳೋದಾ, ಬಿಡೋದಾ?

ಕೋಟೆ ವಾರ್ಡರ್, ಚಿತ್ರದುರ್ಗ

ನಾನು ಜೈಲು ವಾರ್ಡರ್. ನವೆಂಬರ್‌ನಲ್ಲಿ ಹೆಡ್ ವಾರ್ಡರ್ ಬಡ್ತಿ ಪಟ್ಟಿ ಬರುತ್ತದೆ ಅಂತ ಸುದ್ದಿ. ಬಡ್ತಿ ಅಂದ್ರೆ ಬೇರೆ ಜಿಲ್ಲೆ ಗ್ಯಾರಂಟಿ. ಹೆಂಡತಿಗೆ ಇಲ್ಲೇ ಶಾಲೆಯಲ್ಲಿ ಕೆಲಸ, ಅಪ್ಪ ಅಮ್ಮ ಚಳ್ಳಕೆರೆಯಲ್ಲಿ. ಮೂಲ ವೇತನ 39,300, ಇಂಕ್ರಿಮೆಂಟ್ ಜನವರಿ 1ಕ್ಕೆ. ಈ ಸಲ ಬೇಡ ಅಂತ ಬರೆದುಕೊಟ್ಟು ಮುಂದೆ ತೆಗೆದುಕೊಂಡರೆ ಎಷ್ಟು ನಷ್ಟ? ಸಂಬಳದಲ್ಲಿ ಸಾವಿರ ಎರಡು ಸಾವಿರ ತಾನೇ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ.

ನಿವೃತ್ತ ಲೆಕ್ಕದವರು, ದಾವಣಗೆರೆ

ದಯವಿಟ್ಟು ಬೇಡ ಅಂತ ಬರೆದುಕೊಡಬೇಡಿ. ನೌಕರಿಯುದ್ದಕ್ಕೂ ಸೇವಾ ಪುಸ್ತಕಗಳನ್ನೇ ನೋಡಿದವನು ನಾನು. ಬಡ್ತಿ ನಿರಾಕರಿಸಿದವರಿಗೆ ಕಾಲಮಿತಿ ಬಡ್ತಿಯೂ, ಅಂದರೆ ಒಂದೇ ಹುದ್ದೆಯಲ್ಲಿ ಇಷ್ಟು ವರ್ಷ ಆಯಿತು ಅಂತ ಸಿಗುವ ಮೇಲಿನ ವೇತನವೂ, ಸಿಗುವುದಿಲ್ಲ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಇನ್ನು ಲೆಕ್ಕ. ಬಡ್ತಿ ಸಿಕ್ಕಾಗ ಕೆಳಗಿನ ಹುದ್ದೆಯಲ್ಲಿ ಒಂದು ಇಂಕ್ರಿಮೆಂಟ್ ಸೇರಿಸಿ, ಮೇಲಿನ ಶ್ರೇಣಿಯ ಮುಂದಿನ ಹಂತಕ್ಕೆ ಕೂರಿಸುತ್ತಾರೆ. ನಿಮ್ಮ 39,300 ಮೊದಲು 40,300, ಆಮೇಲೆ 41,300. ತಿಂಗಳಿಗೆ 2,000, ವರ್ಷಕ್ಕೆ 24,000, ಡಿಎ ಬೇರೆ. 2006ರ ಏಪ್ರಿಲ್ ನಂತರ ಸೇರಿದವರಾದರೆ ಎನ್‌ಪಿಎಸ್‌ಗೆ (ಹೊಸ ಪಿಂಚಣಿ ಖಾತೆಗೆ) ನಿಮ್ಮದು 10%, ಸರ್ಕಾರದ್ದು 14%. ಆ 2,000ಕ್ಕೇ ತಿಂಗಳಿಗೆ 480 ರೂಪಾಯಿ ಜಾಸ್ತಿ ಜಮೆ. ಅದು ನಿವೃತ್ತಿವರೆಗೂ ಬೆಳೆಯುವ ದುಡ್ಡು, ಬೇಗ ಬಿದ್ದಷ್ಟೂ ಒಳ್ಳೆಯದು.

ಇನ್ನೊಂದು. ಮೇಲೆ ಹೋದಷ್ಟೂ ಇಂಕ್ರಿಮೆಂಟೇ ದೊಡ್ಡದಾಗುತ್ತದೆ. 39,300ರಿಂದ 1,000, 43,300 ದಾಟಿದರೆ 1,125, 47,800ಕ್ಕೆ 1,250.

ಪಟ್ಟಿ ನವೆಂಬರ್‌ನಲ್ಲೇ ಬಂದರೆ ಹೊಸ ವೇತನವನ್ನು ಅವತ್ತೇ ಪೂರ್ತಿ ಫಿಕ್ಸ್ ಮಾಡಿಸಬೇಡಿ. ಎರಡು ತಿಂಗಳು 40,300ರಲ್ಲಿ ಇರಿ. ಜನವರಿ ಇಂಕ್ರಿಮೆಂಟ್ ಹಳೆಯ ಹುದ್ದೆಯ ಲೆಕ್ಕದಲ್ಲಿ ಪಡೆದು (39,300 ಹೋಗಿ 40,300) ಆಮೇಲೆ ಫಿಕ್ಸ್ ಆದರೆ 42,300 ಬರುತ್ತದೆ. ಇದಕ್ಕೆ ಆಯ್ಕೆ ಪತ್ರವನ್ನು ನೀವೇ ಬರೆದುಕೊಡಬೇಕು, ಕಚೇರಿಯವರು ಕೇಳುವುದಿಲ್ಲ. ಕೊಟ್ಟ ಪತ್ರಕ್ಕೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಸೇವಾ ಪುಸ್ತಕದಲ್ಲಿ ನಮೂದಾಗಿದೆಯಾ ಅಂತ ಕಣ್ಣಾರೆ ನೋಡಿ.

ಹೆಡ್ ವಾರ್ಡರ್ ಮನೆಯವರು

ದುಡ್ಡಿನ ಲೆಕ್ಕ ಸರಿ ಸಾರ್. ಆದರೆ ಹೊಸ ಊರಲ್ಲಿ ಬಾಡಿಗೆ, ಎರಡು ಅಡುಗೆಮನೆ, ವಾರಕ್ಕೊಮ್ಮೆ ಬಸ್ ಚಾರ್ಜ್. ನಮ್ಮವರಿಗೆ ಬಡ್ತಿ ಸಿಕ್ಕ ಮೊದಲ ವರ್ಷ ಜಾಸ್ತಿ ಬಂದದ್ದೆಲ್ಲ ಅಲ್ಲಿಗೇ ಹೋಯಿತು. ದಾವಣಗೆರೆ ಸಿಕ್ಕರೆ ಚಿತ್ರದುರ್ಗದಿಂದ ಓಡಾಡಬಹುದು, ಕಲಬುರಗಿ ಆದರೆ ಆಗಲ್ಲ ಅಲ್ವಾ?

ನಿವೃತ್ತ ಲೆಕ್ಕದವರು, ದಾವಣಗೆರೆ

ನಿಮ್ಮ ಮಾತು ನಿಜ ತಾಯಿ. ಮೊದಲ ವರ್ಷ ಕೈಗೆ ಏನೂ ಉಳಿಯುವುದಿಲ್ಲ. ಆದರೂ ನಾನು ಬಡ್ತಿ ತೆಗೆದುಕೊಳ್ಳಿ ಅನ್ನುವುದು ಎರಡನೇ ಬಡ್ತಿಗೋಸ್ಕರ. ಮೊದಲನೆಯದು ತಡವಾದರೆ ಆ ವರ್ಷಗಳ ವ್ಯತ್ಯಾಸ ಮಾತ್ರ ಹೋಗುತ್ತದೆ, ಹಂತ ಆಮೇಲೂ ಸಿಗುತ್ತದೆ. ಆದರೆ ಮುಂದಿನ ಹುದ್ದೆಗೆ ಜ್ಯೇಷ್ಠತೆ ಹೆಡ್ ವಾರ್ಡರ್ ಆದ ದಿನದಿಂದ ಎಣಿಕೆ. ನಿಮ್ಮ ಹಿಂದಿದ್ದವರು ಮುಂದೆ ಹೋಗುತ್ತಾರೆ. ಖಾಲಿ ಹುದ್ದೆ ಕಡಿಮೆ, ನಿವೃತ್ತಿ 60ಕ್ಕೆ. ಸರದಿ ಬರುವಷ್ಟರಲ್ಲಿ ಸೇವೆಯೇ ಮುಗಿದಿರುತ್ತದೆ. ವರ್ಗಾವಣೆಗೆ ಪತಿ-ಪತ್ನಿ ಪ್ರಕರಣ (ಇಬ್ಬರಿಗೂ ಒಂದೇ ಕಡೆ ಕೆಲಸ ಕೊಡಿ) ಅಂತ ಮನವಿ ಹಾಕಬಹುದು, ಅದಕ್ಕೆ ಹೆಂಡತಿಯ ಸೇವಾ ದೃಢೀಕರಣ ಈಗಲೇ ತರಿಸಿ ಇಟ್ಟುಕೊಳ್ಳಿ.